ಒಂದು ನಮಾನ್ ಮರಿಯೆಯಷ್ಟು ಬಿಸಿ

ಗಿಲ್ಬರ್ಟ್ ಲೋಬೊ ಐವತ್ತೆಂಟು ವರ್ಷದ ಆಯುಷ್ಯದಲ್ಲಿ ಚಳಿಗೆ ಮರ್ಯಾದೆ ಕೊಟ್ಟವನಲ್ಲ. ಹುಟ್ಟಿದ್ದು ಕಿನ್ನಿಗೋಳಿಯ ಸೆಕೆಯಲ್ಲಿ, ಹದಿನಾರು ವರ್ಷ ದುಡಿದದ್ದು ಬಹರೈನಿನ ಬಿಸಿಲಲ್ಲಿ. ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಮೇಲೆ ಇಲ್ಲಿನವರು ಜುಲೈ ತಿಂಗಳ ಚಳಿಗಾಲದಲ್ಲಿ ನಡುಗುವುದನ್ನು ಕಂಡು, "ಇದೆಂತ ಚಳಿಯಾ? ಯಾರೋ ಫ್ರಿಜ್ಜಿನ ಬಾಗಿಲು ಹಾಕ್ಲಿಕ್ಕೆ ಮರೆತದ್ದು ಅಷ್ಟೆ" ಎಂದು ನಗುತ್ತಿದ್ದ. ಮನೆಯ ಒಂದೇ ಕಾರನ್ನು ಹೆಂಡತಿ ಜೆಸ್ಸಿ ವೃದ್ಧಾಶ್ರಮದ ಕೆಲಸಕ್ಕೆ ಒಯ್ಯುತ್ತಿದ್ದುದರಿಂದ ಅವನ ಪಾಲಿಗೆ ಹಳೆಯ ಮೋಟರ್ ಸೈಕಲ್. ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಗಳ ಬದಿಯಿಂದ ಹೊರಟು, ಮಂಜು ಸೀಳಿಕೊಂಡು, ಆರು ಗಂಟೆಗೆ ಸರಿಯಾಗಿ ವೆಲ್ಷ್‌ಪೂಲಿನ ಕಾರ್ಖಾನೆಯ ಗೇಟು ಮುಟ್ಟುತ್ತಿದ್ದ.

ಅದು ದನದ ಮೇವು ತಯಾರಿಸುವ ಕಾರ್ಖಾನೆ. ಇವನು ಅಲ್ಲಿಯ ಫಿಟ್ಟರ್. ಮೇವು ಸಾಗಿಸುವ ಬೆಲ್ಟುಗಳ ಉದ್ದಕ್ಕೂ ರೋಲರು, ಪ್ರತಿ ರೋಲರಿನ ತುದಿಗೊಂದು ಬೇರಿಂಗ್. ಬೇರಿಂಗ್ ಕೆಡುವ ಮೊದಲು ಬಿಸಿಯಾಗುತ್ತದೆ. ಆ ಬಿಸಿ ಅಳೆಯಲು ಗಿಲ್ಬರ್ಟ್ ಬಳಸುತ್ತಿದ್ದುದು ಬರೀ ಅಂಗೈ ಮತ್ತು ಅವನ ಅಮ್ಮ ಕಲಿಸಿದ, ಮಾತೆ ಮರಿಯಳ ಪುಟ್ಟ ಕೊಂಕಣಿ ಪ್ರಾರ್ಥನೆ. ಬೇರಿಂಗಿನ ಮೇಲೆ ಕೈಯಿಟ್ಟು ಮನಸ್ಸಿನಲ್ಲೇ 'ನಮಾನ್ ಮರಿಯೆ' ಶುರುಮಾಡುವುದು. ಆಮೆನ್ ತನಕ ಕೈ ನಿಂತರೆ ಬೇರಿಂಗ್ ಸುಖವಾಗಿದೆ. ನಡುವೆ ಕೈ ತೆಗೆಯಬೇಕಾದರೆ ಗ್ರೀಸ್ ಬೇಕು. ಮೊದಲ ಮಾತಿಗೇ ಕೈ ಹಾರಿದರೆ ಬೆಲ್ಟ್ ನಿಲ್ಲಿಸಿ ಎಂದು ಕೂಗಬೇಕು. ಹದಿಮೂರು ವರ್ಷದಲ್ಲಿ ಈ ಕೈ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಮ್ಯಾನೇಜರನೇ ಹೊಸಬರಿಗೆ ಅವನನ್ನು ತೋರಿಸಿ, ಇದು ನಮ್ಮ ಥರ್ಮಾಮೀಟರ್ ಎನ್ನುತ್ತಿದ್ದ. ಗಿಲ್ಬರ್ಟ್ ಏನೂ ಕೇಳಿಸದವನಂತೆ ನಿಂತಿರುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ.

ಈ ಸಲ ಜೂನ್ ಕೊನೆಗೆ ಅಡಿಲೇಡಿನಲ್ಲಿರುವ ಮಗಳು ಸ್ವೀಡಲ್ ಅಪ್ಪನ ಹುಟ್ಟುಹಬ್ಬಕ್ಕೆ ಒಂದು ಪೆಟ್ಟಿಗೆ ಕಳಿಸಿದಳು. ಒಳಗೆ ಬ್ಯಾಟರಿಯಿಂದ ಬಿಸಿಯಾಗುವ ಗ್ಲವ್ಸ್. ಮಣಿಕಟ್ಟಿನ ಹತ್ತಿರ ಒಂದು ಗುಂಡಿ. ಒತ್ತಿದರೆ ಹಸಿರು ದೀಪ, ಇನ್ನೊಮ್ಮೆ ಒತ್ತಿದರೆ ಕಿತ್ತಳೆ, ಮತ್ತೊಮ್ಮೆ ಒತ್ತಿದರೆ ಕೆಂಪು. ಕೆಂಪು ಅಂದರೆ ಅತಿ ಬಿಸಿ. ಚಳಿಗೆ ಹೆದರುವವನಲ್ಲ ಎಂದು ಬಾಯಲ್ಲಿ ಹೇಳಿದರೂ ಒಂದು ವರ್ಷದಿಂದ ಅವನ ಬೆರಳು ಮರಗಟ್ಟುತ್ತಿತ್ತು. ಟೈಗರ್ ಬಾಮ್ ತಿಕ್ಕಿ ತಿಕ್ಕಿ ಡಬ್ಬಿಗಳು ಖಾಲಿಯಾದವೇ ಹೊರತು ಬೆರಳಿಗೆ ಏನೂ ಗೊತ್ತಾಗಲಿಲ್ಲ.

ಗ್ಲವ್ಸ್ ಹಾಕಿಕೊಂಡು ಹೊರಟ. ಹಸಿರಿನಲ್ಲಿ ಬಿಸಿಯಿಲ್ಲ, ಕಿತ್ತಳೆಯಲ್ಲಿ ಇಲ್ಲ, ಕೆಂಪಿನಲ್ಲೂ ಇಲ್ಲ. ಸಂಜೆ ಮಗಳ ಫೋನ್.

"ಈಸ್ ಇಟ್ ವಾರ್ಮ್, ಪಪ್ಪಾ?"

"ಓ, ಬೆಚ್ಚಗುಂಟು ಮಗಾ. ಬೆವರ್ತದೆ ನನಗೆ," ಎಂದ. ಫೋನಿಟ್ಟ ಮೇಲೆ ಜೆಸ್ಸಿಗೆ, "ಪಾಪ, ಅವಳಿಗೆ ಯಾರೋ ಟೋಪಿ ಹಾಕಿದ್ದಾರೆ. ದೀಪ ಮಾತ್ರ ಉರೀತದೆ," ಎಂದ. ಆದರೂ ಮಗಳ ಕಾಣಿಕೆಯೆಂದು ದಿನಾ ಕೆಂಪಿನಲ್ಲೇ ಇಟ್ಟುಕೊಂಡು ಓಡಿಸಿದ.

ಅದೇ ದಿನಗಳಲ್ಲಿ ಕಾರ್ಖಾನೆಯಲ್ಲಿ ಒಂದು ಅನಾಹುತವಾಯಿತು. ಅಲ್ಲಿ ಯಶವಂತ ಎಂಬ ಮೈಸೂರಿನ ಇಂಜಿನಿಯರ್ ಇದ್ದ. ಯಂತ್ರಗಳು ಕೆಡುವ ಮೊದಲೇ ಪತ್ತೆಹಚ್ಚಿ ದಾಖಲಿಸುವುದು ಅವನ ಕೆಲಸ. ಕಂಪನಿಯೇ ವೀಸಾ ಮಾಡಿಸಿ ಇಟ್ಟುಕೊಂಡಿದ್ದರಿಂದ ಕೆಲಸ ಹೋದರೆ ಈ ದೇಶವೂ ಹೋದಂತೆ. ಹೆಂಡತಿ ಕವನಾಗೆ ಏಳು ತಿಂಗಳು ತುಂಬಿತ್ತು. ಒಂದು ಮಂಗಳವಾರ ಅವನು ಬಿಸಿ ಅಳೆಯುವ ಪಿಸ್ತೂಲಿನಂಥ ಯಂತ್ರವನ್ನು ಮೂರನೇ ಬೆಲ್ಟಿನ ಬೇರಿಂಗಿಗೆ ಹಿಡಿದ.

"ಅಂಕಲ್, ಅರವತ್ತು ಡಿಗ್ರಿ ದಾಟಿದೆ. ಹೋದ ವಾರ ನಲವತ್ತಿತ್ತು. ಬೆಲ್ಟ್ ನಿಲ್ಸಿ ಒಂದ್ಸಲ ನೋಡ್ಬಿಡೋಣ."

ಗಿಲ್ಬರ್ಟ್ ಬಂದು ಅಂಗೈ ಇಟ್ಟ. ಆರಾಮವಾಗಿ ಆಮೆನ್ ತನಕ ಹೋಗಿ ಕೈ ತೆಗೆದ. "ಜ್ವರ ಬಂದದ್ದು ನಿಮ್ಮ ಪಿಸ್ತೂಲಿಗೆ. ಬೇರಿಂಗಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ."

ಯಶವಂತನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ವಾದಿಸಿ, ಅರವತ್ತು ಎಂದೇ ಬರೆಯುತ್ತಿದ್ದರು. ಇವನು ನಮ್ಮ ಊರ ಕಡೆಯವನು. ಹಿರಿಯರು ಹೇಳಿದ ಮೇಲೆ ಅವರ ಕಣ್ಣೆದುರೇ ಅದಕ್ಕೆ ವಿರುದ್ಧವಾಗಿ ಬರೆಯುವುದು ಹೇಗೆಂದು ಆ ಅಂಕಿಯನ್ನು ದಾಖಲಿಸದೆ ಬಿಟ್ಟ. ಗುರುವಾರ ಬೇರಿಂಗ್ ಸುಟ್ಟು, ರೋಲರ್ ಮುರಿದು, ಬೆಲ್ಟು ಹರಿದು ಹೊಗೆ ಎದ್ದಿತು. ಎರಡು ದಿನ ಕಾರ್ಖಾನೆ ಬಂದ್.

ವಿಚಾರಣೆಯಲ್ಲಿ ಗಿಲ್ಬರ್ಟ್ ಪ್ರಾಮಾಣಿಕವಾಗಿಯೇ ಹೇಳಿದ: "ನನ್ನ ಕೈಗೆ ತಣ್ಣಗಿತ್ತು." ಯಶವಂತನ ದಾಖಲೆ ಪುಸ್ತಕದಲ್ಲಿ ಆ ಮಂಗಳವಾರದ ಜಾಗ ಖಾಲಿ. ಅಂಕಲ್ ಬೇಡ ಅಂದರು ಎಂದು ಅವನು ಬಾಯಿ ಬಿಡಲಿಲ್ಲ. ಅವನ ಕೈಗೆ ಎಚ್ಚರಿಕೆಯ ಪತ್ರ ಬಂತು. ಇಟ್ಟುಕೊಳ್ಳುವುದೋ ಕಳಿಸುವುದೋ ಸೋಮವಾರ ತೀರ್ಮಾನ ಎಂದರು. ಹುಡುಗ ಸೋಮಾರಿ, ಬರೆಯಬೇಕಾದ್ದು ಬರೆಯಲಿಲ್ಲ ಎಂದು ಗಿಲ್ಬರ್ಟನೂ ಅಂದುಕೊಂಡ. ತನ್ನ ಬೆನ್ನು ತನಗೆ ಕಾಣುವುದಿಲ್ಲ ನೋಡಿ.

ಶನಿವಾರ ಅವನು ಗ್ಲವ್ಸ್ ಬದಲಾಯಿಸಲು ಪೆಟ್ಟಿಗೆ ಸಮೇತ ಬೈಕಿನ ಸಾಮಾನಿನ ಅಂಗಡಿಗೆ ಹೋದ. ಬಿಳಿ ಗಡ್ಡದ ಅಂಗಡಿಯವನು ಗುಂಡಿ ಒತ್ತಿ, ಕೆಂಪು ದೀಪ ಹತ್ತಿಸಿ, ಹತ್ತು ನಿಮಿಷ ಮೇಜಿನ ಮೇಲಿಟ್ಟ. ಗಿಲ್ಬರ್ಟ್ ಒಂದರೊಳಗೆ ಕೈ ತೂರಿಸಿದ. ಅಭ್ಯಾಸಬಲದಿಂದ ನಮಾನ್ ಮರಿಯೆ ಶುರುವಾಯಿತು. ಒಂದು ಮುಗಿಯಿತು, ಎರಡೂ ಮುಗಿಯಿತು.

"ನಥಿಂಗ್, ಮೇಟ್," ಎಂದ.

ಅಂಗಡಿಯವನು ತನ್ನ ಕೈ ಹಾಕಿದವನೇ ಬೈಗುಳದೊಂದಿಗೆ ಎಳೆದುಕೊಂಡ. ಹೊಸ ಜೋಡಿ ಬಿಚ್ಚಿ ನೋಡಿದರೂ ಅದೇ ಕಥೆ. ಆಮೇಲೆ ಅವನು ಗ್ಲವ್ಸ್ ನೋಡುವುದನ್ನು ಬಿಟ್ಟು ಗಿಲ್ಬರ್ಟನ ಕೈ ನೋಡಿದ. ಗ್ಲವ್ಸ್ ಎರಡೂ ಸರಿಯಾಗಿವೆ ಗೆಳೆಯಾ, ನೀನು ಕೈಯನ್ನು ಡಾಕ್ಟರಿಗೆ ತೋರಿಸು ಎಂದು ಮೆಲ್ಲನೆ ಹೇಳಿದ.

ಹೊರಗೆ ಬೈಕಿನ ಮೇಲೆ ಕುಳಿತವನಿಗೆ ಮೊದಲು ನೆನಪಾದದ್ದು ಡಾಕ್ಟರಲ್ಲ, ಮೂರನೇ ಬೆಲ್ಟು. ಆ ಬೇರಿಂಗು ತಣ್ಣಗಿರಲಿಲ್ಲ.

ಮನೆಯಲ್ಲಿ ಜೆಸ್ಸಿ ಅವನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳುಗಳ ಮೇಲೆ ಸಣ್ಣ ಸಣ್ಣ ಗುಳ್ಳೆ. ಅಂಗೈಯಲ್ಲಿ ಮಾಯುತ್ತಿರುವ ಹಳೆಯ ಸುಟ್ಟ ಗಾಯ.

"ಇದು ಸ್ಪ್ಯಾನರ್ ತಾಗಿದ್ದು ಅಂದಿದ್ರಲ್ಲ?"

"ಹಾಗೇ ಎಣಿಸಿದ್ದೆ."

ಕಣ್ಣು ಮುಚ್ಚಲು ಹೇಳಿ ಅವಳು ಒಂದು ಬೆರಳಿಗೆ ಬಿಸಿ ಚಾದ ಲೋಟ ಮುಟ್ಟಿಸಿದಳು, ಇನ್ನೊಂದಕ್ಕೆ ಫ್ರಿಜ್ಜಿನಲ್ಲಿದ್ದ ಚಮಚ. "ಬಿಸಿ ಯಾವುದು?" ಅವನು ಯೋಚಿಸಿ, ಊಹಿಸಿ, ಚಮಚ ಎಂದ. ಜೆಸ್ಸಿ ಲೋಟ, ಚಮಚ ಎರಡನ್ನೂ ಕೆಳಗಿಟ್ಟಳು. ಎರಡು ವರ್ಷದಿಂದ ಅವನ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದರೂ ಅವನು ಬರಿಗಾಲಲ್ಲಿ ನಡೆದು ಹೋಗುತ್ತಿದ್ದ; ಅದನ್ನು ನೋಡಿ ಇಬ್ಬರೂ ನಕ್ಕಿದ್ದರು. "ದಿನಾ ಇಂಥವರ ಕಾಲು ತೊಳೀತೇನೆ ನಾನು," ಎಂದಳು. "ಗೊತ್ತಿಲ್ಲದೆ ಸಕ್ಕರೆ ಕಾಯಿಲೆ ಬಂದು ನರ ತಿಂದದ್ದು ಇದು. ಸೋಮವಾರ ಡಾಕ್ಟರ ಹತ್ರ ಹೋಗುವ."

"ಡಾಕ್ಟರು ಬರೆದು ಕೊಟ್ರೆ ನನ್ನ ಕೆಲಸ ಹೋಯ್ತು. ಓಡುವ ಮಿಷನಿನ ಹತ್ರ ಇಂಥ ಕೈಯವನನ್ನು ಯಾರು ಬಿಡ್ತಾರೆ? ಬೈಕೂ ಹೋಯ್ತು."

"ಆ ಕವನಾಳ ಗಂಡನಿಗೆ ಎಂತ ಮಾಡ್ತೀರಿ?"

"ಅವನು ಬರೀಬೇಕಿತ್ತು! ಅವನದ್ದೇ ತಪ್ಪು!" ಎಂದು ಗಿಲ್ಬರ್ಟ್ ಮನೆ ಹಾರಿಹೋಗುವಂತೆ ಕಿರುಚಿದ. ಜೆಸ್ಸಿ ಮುಲಾಮು ತರಲು ಹೋದಳು. ಕಿರುಚಿದ್ದು ಅವಳ ಮೇಲಲ್ಲ ಎಂದು ಅವಳಿಗೂ ಗೊತ್ತಿತ್ತು. ಭಾನುವಾರ ಇಗರ್ಜಿಯಲ್ಲಿ ಎಲ್ಲರೊಂದಿಗೆ ಪ್ರಾರ್ಥನೆ ಹೇಳುತ್ತಾ ಅವನ ನಾಲಗೆ ಅರ್ಧಕ್ಕೇ ನಿಂತಿತು. ಕಳೆದೊಂದು ವರ್ಷದಲ್ಲಿ ಎಷ್ಟು ಬೇರಿಂಗುಗಳಿಗೆ ತಾನು ಸುಳ್ಳು ಆಮೆನ್ ಹೇಳಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ ಬೆವತುಬಿಟ್ಟ.

ಸೋಮವಾರ ಬೆಳಿಗ್ಗೆ ಬೈಕ್ ತೆಗೆಯಲಿಲ್ಲ. ಜೆಸ್ಸಿಯೇ ಕಾರಿನಲ್ಲಿ ಗೇಟಿನ ತನಕ ಬಿಟ್ಟಳು. ಕೆಲಸ ಶುರುವಾಗುವ ಮೊದಲು ಎಲ್ಲರೂ ಅಂಗಳದಲ್ಲಿ ಸುತ್ತ ನಿಲ್ಲುವುದು ಅಲ್ಲಿಯ ರೂಢಿ. ಬಾಯಿಂದ ಹೊಗೆಯಂತೆ ಉಸಿರು ಬಿಡುತ್ತಾ ಹತ್ತು ಹನ್ನೆರಡು ಜನ ನಿಂತಿದ್ದರು, ಕೊನೆಯಲ್ಲಿ ಯಶವಂತ. ಗಿಲ್ಬರ್ಟ್ ಮುಂದೆ ಬಂದು, ದಾರಿಯಲ್ಲೇ ಕೆಂಪಿಗೆ ಇಟ್ಟು ತಂದಿದ್ದ ಗ್ಲವ್ ಒಂದನ್ನು ಮ್ಯಾನೇಜರನಿಗೆ ಕೊಟ್ಟು, ಕೈ ಹಾಕಿ ನೋಡಿ ಎಂದ. ಮ್ಯಾನೇಜರ್ ಹಾಕಿದ, ಹೌಹಾರಿ ಎಳೆದುಕೊಂಡ.

ಗಿಲ್ಬರ್ಟ್ ಅದರಲ್ಲಿ ತನ್ನ ಕೈಯಿಟ್ಟ. ಇಷ್ಟು ವರ್ಷ ಮನಸ್ಸಿನಲ್ಲೇ ಹೇಳುತ್ತಿದ್ದುದನ್ನು ಮೊದಲ ಬಾರಿಗೆ ಎಲ್ಲರಿಗೂ ಕೇಳುವಂತೆ ಹೇಳಿದ, ನಮಾನ್ ಮರಿಯೆಯಿಂದ ಆಮೆನ್ ತನಕ. ಆಮೇಲೆ ಗುಳ್ಳೆ ಎದ್ದ ಕೈಯನ್ನು ಎತ್ತಿ ತೋರಿಸಿ, ತನ್ನ ಹರಕು ಇಂಗ್ಲಿಷಿನಲ್ಲಿ ಅಂದ: ಗ್ಲವ್ ಕೆಟ್ಟಿಲ್ಲ. ಯಶವಂತನ ಯಂತ್ರವೂ ಕೆಟ್ಟಿರಲಿಲ್ಲ. ಕೆಟ್ಟದ್ದು ಇದು. ಬೆಲ್ಟ್ ನಿಲ್ಲಿಸೋಣ ಎಂದು ಇವನು ಹೇಳಿದ್ದ, ಬೇಡವೆಂದವನು ನಾನು.

ಮ್ಯಾನೇಜರ್ ನೆಲ ನೋಡಿದ. ಯಶವಂತನ ಪತ್ರ ವಾಪಸ್ ಪಡೆಯುತ್ತೇನೆ ಎಂದ. ಗಿಲ್ಬರ್ಟನಿಗೆ ಮಾತ್ರ, ಇವತ್ತು ಯಂತ್ರದ ಹತ್ತಿರ ಹೋಗಬೇಡ, ಆಫೀಸಿಗೆ ಬಾ ಎಂದ. ಜನ ಚದುರಿದರು.

ಯಶವಂತ ಓಡಿಬಂದ. "ಯಾಕಂಕಲ್ ಹೇಳಕ್ಕೋದ್ರಿ? ನಿಮ್ಮ ಕೆಲಸ..." ಎನ್ನುತ್ತಾ ಗಿಲ್ಬರ್ಟನ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡ.

ಅವನು ಹಿಡಿದಿದ್ದಾನೆಂದು ಗಿಲ್ಬರ್ಟನಿಗೆ ಗೊತ್ತಾದದ್ದು ತಲೆ ತಗ್ಗಿಸಿ ನೋಡಿದಾಗ.