ನೀಲಿ ಬೆನ್ನಿನ ಎಪ್ಪತ್ತೆಂಟು ಕಾರ್ಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿಂಬದಿ ಕೋಣೆಯ ನೆಲದ ಮೇಲೆ ಕುಳಿತ ಅಕ್ಕ ನೇಲ್ ಕಟ್ಟರ್ ಹಿಡಿದು ಸೂರ್ಯನ ಮೂಲೆ ಕತ್ತರಿಸುತ್ತಿದ್ದಾರೆ. ಟಕ್, ಟಕ್. ಚೂಪಾಗಿದ್ದ ಮೂಲೆ ದುಂಡಗಾಗುತ್ತದೆ. ಆಮೇಲೆ ಅಂಚಿಗೆ ಮೇಣದ ಬತ್ತಿಯ ತುಂಡು ಉಜ್ಜಿ, ಕಾರ್ಡನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. "ಚುಚ್ಚಬಾರದು. ಕೈಗಿಂತ ಕೆನ್ನೆಗೆ ಬೇಗ ಗೊತ್ತಾಗುತ್ತೆ" ಎನ್ನುತ್ತಾರೆ. ಪತ್ರಿಕೆಗೆ ಬರೆಯಲೆಂದು ಇವರ ಮನೆಗೆ ಬಂದ, ನೆಟ್ಟಗೆ ಒಂದು ಗೆರೆ ಎಳೆಯಲೂ ಬಾರದ ನನಗೆ ಆ ಕೈಗಳನ್ನು ನೋಡಿ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಇವರು ಮನೆಯಲ್ಲೇ ಟ್ಯಾರೋ ಕಾರ್ಡ್ ಮಾಡುತ್ತಾರೆ. ಭವಿಷ್ಯ ಕೇಳಲು ಬಂದವರ ಮುಂದೆ ಹರಡುವ ಚಿತ್ರದ ಕಾರ್ಡುಗಳು, ಒಂದು ಕಟ್ಟಿಗೆ ಎಪ್ಪತ್ತೆಂಟು. ಚಂದ್ರ, ಚಕ್ರ, ರಾಣಿ, ಸಾವು, ಪೆದ್ದ ಎಲ್ಲರೂ ಇವರ ಕುಂಚದಿಂದಲೇ ಇಳಿದು ಬರಬೇಕು. ಚಿತ್ರದ ಹಾಳೆಗೂ ನೀಲಿ ಹಾಳೆಗೂ ನಡುವೆ ಮೈದಾ ಅಂಟು ಸವರಿ, ಬಟ್ಟೆಯ ಟ್ರಂಕಿನ ಅಡಿ ಒತ್ತಿಡುತ್ತಾರೆ. ಹಗಲೆಲ್ಲ ದರ್ಜಿ ಅಂಗಡಿಯಲ್ಲಿ ಕಾಜಾ ಹಾಕುವ ಕೆಲಸ. ಬಣ್ಣಕ್ಕೆ ಸಿಗುವುದು ಈ ಮುಂಜಾವು ಮಾತ್ರ, ಹಾಗಾಗಿ ದಿನಕ್ಕೆ ಒಂದೇ ಕಾರ್ಡು. ಚಿಕ್ಕಂದಿನಿಂದ ಏನಾದರೊಂದು ಹೊತ್ತುಕೊಂಡೇ ಓಡಾಡುವ ಇವರಿಗೆ ತಂಗಿ ಇಟ್ಟ ಅಡ್ಡಹೆಸರು ಇರುವೆ.

ಕಾರ್ಡು ಮಾಡುವುದು ಅಕ್ಕ, ಓದುವುದು ತಂಗಿ. ಮುಂದಿನ ಕೋಣೆಯಲ್ಲಿ ಮಖಮಲ್ಲು ಹಾಸಿದ ಮೇಜು, ಪರದೆ, ಬಾಗಿಲಾಚೆ ಚಪ್ಪಲಿಗಳ ರಾಶಿ. ಹಿಂದಿನ ಸಂಜೆ ನಾನು ಮೊದಲ ಸಲ ಹೋದಾಗ ತಂಗಿಯೇ ಕುರ್ಚಿ ಎಳೆದುಕೊಟ್ಟು, ಫೋಟೋಗೆಂದು ಕೂದಲು ಸರಿಮಾಡಿಕೊಂಡರು. ಬಂದದ್ದು ಅಕ್ಕನನ್ನು ನೋಡಲು ಎಂದೆ. ಇಷ್ಟಗಲ ಇದ್ದ ಮುಖ ಇಷ್ಟಾಯಿತು. "ಅವಳನ್ನಾ? ಅವಳೇನ್ ಮಾಡ್ತಾಳೆ, ಅಂಟು ಹಚ್ತಾಳೆ" ಎಂದರು. ಹಿಂದಿನ ಕೋಣೆಗೆ ಎಲ್ಲವೂ ಕೇಳಿಸಿತ್ತು. ಅಕ್ಕ ತಂದುಕೊಟ್ಟ ಟೀಗೆ ಸಕ್ಕರೆ ಧಾರಾಳವಾಗಿಯೇ ಬಿದ್ದಿತ್ತು.

ಹೊಟ್ಟೆಕಿಚ್ಚನ್ನು ಇವರು ಮುಚ್ಚಿಡುವವರಲ್ಲ. "ಗೋಡೆ ಆಚೆಯಿಂದ ಎಲ್ಲಾ ಕೇಳುತ್ತೆ. ಎಷ್ಟು ಚೆನ್ನಾಗಿದೆ ಕಾರ್ಡು ಅಂತಾರೆ ಬಂದವರು. ಹೂಂ, ನನಗೇ ಅಂತ ಮಾಡಿಸಿದ್ದು ಅಂತಾಳೆ ಇವಳು. ಮಾಡಿಸಿದ್ದಂತೆ. ಯಾರ ಕೈಲಿ ಅಂತ ಅವರೂ ಕೇಳಲ್ಲ, ಇವಳೂ ಬಾಯಿ ಬಿಡಲ್ಲ. ಉರಿಯಲ್ವಾ ನನಗೆ? ಉರಿಯುತ್ತೆ." ಪೆದ್ದನ ಕಾರ್ಡಿಗೆ ತಂಗಿಯ ಮೂಗನ್ನೇ ಇಟ್ಟು ಬರೆದಿದ್ದಾರೆ. ತಂಗಿಗೆ ಎಲ್ಲಕ್ಕಿಂತ ಇಷ್ಟವಾದ ಕಾರ್ಡು ಅದೇ ಅಂತೆ.

ಒಮ್ಮೆ ಈ ಉರಿ ಕೈ ಮೀರಿತು. ಕಳೆದ ಕಟ್ಟು ಮಾಡುವಾಗ ರಾಣಿಯ ಕಾರ್ಡಿನ ನೀಲಿ ಬೆನ್ನ ಮೇಲೆ, ಮೂಲೆಯಲ್ಲಿ, ಸಾಸಿವೆಗಿಂತ ಸಣ್ಣದೊಂದು ಇರುವೆ ಬರೆದುಬಿಟ್ಟರು. ಕಲೆಸುವಾಗಲೇ ಅದು ತಂಗಿಯ ಕಣ್ಣಿಗೆ ಬಿತ್ತು. ಬೆನ್ನು ನೋಡಿಯೇ ಯಾವ ಕಾರ್ಡೆಂದು ತಿಳಿದುಹೋದರೆ ಇಡೀ ಕಟ್ಟು ದಂಡ. ಎಲ್ಲದರ ಮೇಲೂ ಬರೆಯೋಣವೆಂದರೆ ಕೈಯಲ್ಲಿ ಬರೆದ ಒಂದು ಇರುವೆಯ ಹಾಗೆ ಇನ್ನೊಂದು ಇರುವುದಿಲ್ಲ. ರಾಣಿಯನ್ನಷ್ಟೇ ಮತ್ತೆ ಮಾಡೋಣವೆಂದರೆ ಹೊಸದಾಗಿ ತಂದ ಹಾಳೆಯ ನೀಲಿಯೇ ಒಂದು ಚೂರು ಬೇರೆ. "ಬಂದವರ ಮುಂದೆ ನಾನು ಕಳ್ಳಿ ಹಾಗೆ ಕೂರಲಾ?" ಎಂದು ತಂಗಿ ಕಟ್ಟನ್ನು ಎಸೆದರು. ಇನ್ನು ಮೇಲೆ ಅಂಗಡಿಯ ಅಚ್ಚಿನ ಕಾರ್ಡೇ ಸಾಕು ಎಂದೂ ಹೇಳಿದರು.

ಆ ಮಾತು ಅಕ್ಕನಿಗೆ ನಾಟಿತು. "ಆ ಅಂಗಡಿ ಕಾರ್ಡಿನ ಮೇಲೂ ಹೊಟ್ಟೆ ಉರೀತು ನನಗೆ. ಹೆಸರೆತ್ತದೇ ಇದ್ರೂ ಇವಳು ದಿನಾ ಮುಟ್ಟೋದು ನನ್ನ ಕೈಕೆಲಸಾನ. ಅದೂ ಹೋದ್ರೆ ಈ ಮನೇಲಿ ನಾನು ಬರೀ ಕಾಜಾ ಹಾಕೋಳು."

ಕೊನೆಗೆ ಅಮ್ಮ ನಡುವೆ ಬಂದು ಇನ್ನೊಂದು ಅವಕಾಶ ಕೊಡಿಸಿದರು. ಬೆನ್ನ ಮೇಲೆ ಒಂದು ಚುಕ್ಕೆಯೂ ಇರಕೂಡದು ಎಂಬುದು ತಂಗಿಯ ಷರತ್ತು. ಎಪ್ಪತ್ತೆಂಟೂ ಮೊದಲಿನಿಂದ. ಇವತ್ತು ಮೂಲೆ ಕತ್ತರಿಸಿಕೊಂಡ ಸೂರ್ಯನೇ ಕೊನೆಯವನು.

ತಂಗಿ ಎದ್ದು ಬಂದು ಕಟ್ಟನ್ನು ಕಿಟಕಿಯ ಬೆಳಕಿಗೆ ಒಯ್ಯುತ್ತಾರೆ. ಒಂದೊಂದೇ ಬೆನ್ನು ನೋಡುತ್ತಾರೆ, ಬೆರಳಾಡಿಸುತ್ತಾರೆ. ಅಕ್ಕ ನೆಲದ ಚೂರುಗಳನ್ನು ಆಯುತ್ತಿದ್ದಾರೆ. "ಸರಿ ಇದೆ" ಎಂದಷ್ಟೇ ಹೇಳಿ ತಂಗಿ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ.

ಹಾಗಾದರೆ ಇರುವೆ ಸೋತಿತೇ ಎಂದು ಕೇಳುತ್ತೇನೆ. ಅಕ್ಕ ಬಾಗಿಲು ಮುಂದೆ ಮಾಡಿ, ಬಣ್ಣ ಚೆಲ್ಲಿ ಹಾಳಾದ, ಇನ್ನೂ ಅಂಟಿಸದ ಚಂದ್ರನ ಹಾಳೆಯೊಂದನ್ನು ತೆಗೆದು ಮಗುಚುತ್ತಾರೆ. ಅಂಟು ಸವರುವ ಮಗ್ಗುಲಲ್ಲಿ, ನಟ್ಟನಡುವೆ, ಅಂಗೈಯಗಲದ ಇರುವೆ. ಮೀಸೆ ಸಮೇತ.

"ಎಲ್ಲದರಲ್ಲೂ ಇದೆ" ಎನ್ನುತ್ತಾರೆ.

ಇದನ್ನು ಪತ್ರಿಕೆಯಲ್ಲಿ ಬರೆದರೆ ತಂಗಿ ಓದುತ್ತಾರಲ್ಲ ಎನ್ನುತ್ತೇನೆ.

"ಓದ್ಲಿ ಅಂತಾನೇ ಹೇಳಿದ್ದು. ನೋಡ್ಬೇಕು ಅಂದ್ರೆ ಕಾರ್ಡ್ ಹರೀಬೇಕು. ಪ್ರಯತ್ನ ಪಡ್ಲಿ. ನಾನು ಮಾಡಿದ್ದು ಹರಿಯಲ್ಲ."