ಅತ್ತೆಯ ಎದೆಯುರಿ, ನಮ್ಮ ನಮಸ್ಕಾರ

ಕಳೆದ ತಿಂಗಳು ಔಷಧದ ಅಂಗಡಿಯಿಂದ ತಂದ ಗುಲಾಬಿ ಬಣ್ಣದ ಬಾಟಲಿಯ ಮುಚ್ಚಳ ತಿರುಗಿಸಿದಾಗ ಅಡುಗೆಮನೆಯ ತುಂಬ ಪೆಪ್ಪರಮಿಂಟಿನ ವಾಸನೆ ಹರಡಿತು. ತಂಪಾದ, ಸುಣ್ಣದ ತಿಳಿನೀರಿನಂಥ ವಾಸನೆ. ಚಮಚಕ್ಕೆ ಸುರಿದುಕೊಂಡವಳು ಅದನ್ನು ಬಾಯಿಗೆ ಒಯ್ಯಲಾರದೆ ಕಟ್ಟೆಗೆ ಒರಗಿ ನಿಂತುಬಿಟ್ಟೆ. ನಲವತ್ತು ವರ್ಷಗಳ ಹಿಂದೆ ಸವಣೂರಿನ ನಮ್ಮ ಮನೆಯಲ್ಲಿ ಅತ್ತೆಯ ಸೆರಗಿಗೆ, ಉಸಿರಿಗೆ, ಅವಳು ಕಲಸಿ ನಮಗೆ ಕೈತುತ್ತು ಹಾಕುತ್ತಿದ್ದ ಮೊಸರನ್ನಕ್ಕೆ ಕೂಡ ಇದೇ ವಾಸನೆ ಇತ್ತು. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬೇಕು. ಎಲ್ಲರಿಗೂ ಬಡಿಸಿ, ತಾವು ಉಂಡದ್ದನ್ನು ಯಾರೂ ನೋಡದ ಒಬ್ಬರು. ಅವರ ಕೈಯಡುಗೆಯ ರುಚಿ ನಮಗೆ ಇವತ್ತಿಗೂ ನಾಲಿಗೆಯ ಮೇಲಿರುತ್ತದೆ. ಅವರಿಗೆ ಏನು ರುಚಿಸುತ್ತಿತ್ತು ಎಂದು ಯಾರಾದರೂ ಕೇಳಿದರೆ ಮಾತ್ರ ಉತ್ತರ ಹೊಳೆಯುವುದಿಲ್ಲ.

ನನ್ನ ಎದೆಯುರಿಗೆ ಶಿಗ್ಗಾಂವದ ವೈದ್ಯೆ ಹೇಳಿದ್ದೆಲ್ಲ ಸರಳವಾದ ಮಾತು. ಬ್ಯಾಂಕಿನ ಕುರ್ಚಿಯಲ್ಲಿ ಕೂತು ನಾನು ಬೆಳೆಸಿದ ಹೊಟ್ಟೆಯನ್ನು ಕಣ್ಣಲ್ಲೇ ಅಳೆದು, ಹೊಟ್ಟೆಗೂ ಅನ್ನನಾಳಕ್ಕೂ ನಡುವಿನ ಬಿಗಿ ಸಡಿಲಾಗಿದೆ, ಹೊಟ್ಟೆಯ ಹುಳಿ ಮೇಲಕ್ಕೆ ಬಂದು ಸುಡುತ್ತಿದೆ ಎಂದಳು. ಉಂಡು ಮೂರು ತಾಸು ಅಡ್ಡಾಗಬಾರದು, ಒಮ್ಮೆಲೇ ಹೊಟ್ಟೆ ಬಿರಿಯ ಉಣ್ಣಬಾರದು, ಮಂಚದ ತಲೆಕಡೆಯ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಬೇಕು, ಚಹಾ ಕಡಿಮೆಯಾಗಬೇಕು, ಗುಳಿಗೆಯನ್ನು ಬೆಳಿಗ್ಗೆ ತಿಂಡಿಗೆ ಅರ್ಧ ತಾಸು ಮೊದಲು ನುಂಗಬೇಕು. ಗುಲಾಬಿ ಔಷಧ ಆ ಹೊತ್ತಿನ ಉರಿಗೆ ಮಾತ್ರ, ಅದನ್ನೇ ನಂಬಿ ವರ್ಷಗಟ್ಟಲೆ ಕೂಡಬೇಡಿ ಎಂದಳು. ಇಷ್ಟಾದ ಮೇಲೆ ತಲೆಯೆತ್ತಿ, ಅನ್ನವೋ ರೊಟ್ಟಿಯೋ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗುತ್ತದೆಯೇ ಎಂದು ಕೇಳಿದಳು. ನನಗೆ ಹಾಗಾಗುತ್ತಿರಲಿಲ್ಲ. ಆದರೂ ಆ ಪ್ರಶ್ನೆಗೆ ನನ್ನ ಕಣ್ಣು ತುಂಬಿಬಂತು. ಎರಡು ನಿಮಿಷದ ಪ್ರಶ್ನೆ ಅದು. ನಮ್ಮ ಮನೆಯಲ್ಲಿ ಆ ಮಾತು ಎತ್ತಿದವಳು ಒಬ್ಬಳೇ, ಅವಳು ನಮ್ಮ ಮನೆಯವಳಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ, ಪದ್ಮಾವತಿ. ಊರಿಗೆಲ್ಲ ಪದ್ದಕ್ಕ, ಮಕ್ಕಳ ಬಾಯಲ್ಲಿ ಅತ್ಯಾ. ಹದಿನೇಳಕ್ಕೆ ಹಾನಗಲ್ಲಿಗೆ ಮದುವೆಯಾಗಿ ಹೋಗಿ, ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬಂದ ಮರುದಿನವೇ ಮಡಿ ಉಟ್ಟು ಒಲೆಯ ಮುಂದೆ ಕೂತಳಂತೆ; ನಾನು ಹುಟ್ಟಿ ಹತ್ತು ವರ್ಷದವಳಾದಾಗಲೂ ಅಲ್ಲೇ ಕೂತಿದ್ದಳು. ನಮ್ಮದು ವೈಷ್ಣವರ ಮನೆ, ಅಜ್ಜನ ಕಾಲದಿಂದ ಪಾಠ ಪ್ರವಚನದ ಮನೆ. ಅಪ್ಪ ಶಿಗ್ಗಾಂವದ ಕಾಲೇಜಿನಲ್ಲಿ ಸಂಸ್ಕೃತ ಹೇಳುತ್ತಿದ್ದ. ಅಜ್ಜನ ಪೂಜೆ, ನೈವೇದ್ಯ ಮುಗಿದು ಗಂಡಸರ ಪಂಕ್ತಿ ಕೂಡುವಾಗ ಒಂದೂವರೆ. ಬಂದವರು, ಮಕ್ಕಳು, ಹೆಂಗಸರು ಎಲ್ಲರೂ ಎದ್ದ ಮೇಲೆ ಅತ್ತೆ ಎಲೆ ಹಾಕಿಕೊಳ್ಳುವಾಗ ಮೂರು ಗಂಟೆ. ಅಲ್ಲಿಯವರೆಗೆ ಬರಿಹೊಟ್ಟೆಗೆ ಮೂರು ಸಲ ಚಹಾ. ದಿನಕ್ಕೆ ಒಂದೇ ಹೊತ್ತಿನ ಊಟವಾದ್ದರಿಂದ ಎರಡು ಬಿಳಿಜೋಳದ ಭಕ್ರಿ, ಕೆಂಪು ಮೆಣಸಿನಕಾಯಿಯ ಚಟ್ನಿ, ಮೇಲೆ ಗುಡ್ಡದಷ್ಟು ಅನ್ನ ಸಾರು. ಉಂಡವಳು ಸೆರಗು ಹಾಸಿ, ದಿಂಬಿಲ್ಲದೆ, ಗಾರೆ ನೆಲದ ಮೇಲೆ ಹಾಗೇ ಅಡ್ಡಾಗುತ್ತಿದ್ದಳು. ವೈದ್ಯೆ ಬೇಡವೆಂದದ್ದೆಲ್ಲವನ್ನೂ ಪಾಪ ನಮ್ಮತ್ತೆ ಧರ್ಮವೆಂದು ಮಾಡಿದ್ದಳು.

ಅರ್ಧ ತಾಸಿಗೆ ಎದ್ದು ಕೂತು ಎದೆಯ ಗೂಡನ್ನು ಮುಷ್ಟಿಯಿಂದ ತಿಕ್ಕುತ್ತಿದ್ದಳು. ಬಾಯಿಗೆ ಹುಳಿನೀರು ಬರುತ್ತಿತ್ತು. ಅವಳಿಗೆ ಪಿತ್ತ ಎಂದು ಮನೆಯವರು ಹೇಳುತ್ತಿದ್ದರು, ಅವಳದು ಎತ್ತರದ ದನಿ ಎಂದು ಹೇಳುವಷ್ಟೇ ಸಹಜವಾಗಿ. ಹಿರೇಕೆರೂರಿನ ಕಡೆಯ ಪಂಡಿತರೊಬ್ಬರು ಕೊಟ್ಟ ಪುಡಿ ಕೆಲದಿನ ನಡೆಯಿತು. ಆಮೇಲೆ ಅಪ್ಪ ತಂದ ಗುಲಾಬಿ ಬಾಟಲಿ ಬಂತು. ಔಷಧಿಗೆ ಮೈಲಿಗೆ ಇಲ್ಲವೆಂದು ಅವಳೇ ತೀರ್ಪು ಕೊಟ್ಟುಕೊಂಡು ಅದನ್ನು ದೇವರ ಗೂಡಿನ ಪಕ್ಕ ಇಟ್ಟಳು. ತಣ್ಣನೆಯ ಹಾಲಿನಿಂದ ಅವಳಿಗೆ ಸ್ವಲ್ಪ ಹೊತ್ತು ಹಿತವೆನ್ನಿಸುತ್ತಿತ್ತು. ಆದರೆ ಚಾತುರ್ಮಾಸದಲ್ಲಿ ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬೇಳೆ ಬಿಡುವ ವ್ರತ ನಮ್ಮಲ್ಲಿ. ಆ ಹಾಲು ಬಿಟ್ಟ ತಿಂಗಳಿನಲ್ಲಿ ಅವಳು ಗೋಡೆಗೆ ಬೆನ್ನು ಕೊಟ್ಟು ಕೂತೇ ಇರುತ್ತಿದ್ದಳು. ಹಾಲು ಕುಡಿ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಹಾಗೆ ಹೇಳಬೇಕೆಂದು ಯಾರಿಗೂ ತೋಚಿರಲೂ ಇಲ್ಲ.

ಒಂದು ವರ್ಷ ಚಾತುರ್ಮಾಸ ಶುರುವಾಗುವಾಗ ಅವಳು ಭಕ್ರಿಯನ್ನೂ ಬಿಟ್ಟೆನೆಂದಳು. ಹಾಗೆ ಪ್ರೀತಿಯ ಒಂದು ಪದಾರ್ಥವನ್ನು ಸೇರಿಸಿ ಬಿಡುವವರು ನಮ್ಮಲ್ಲಿ ಇದ್ದೇ ಇದ್ದರು, ಯಾರಿಗೂ ವಿಶೇಷವೆನ್ನಿಸಲಿಲ್ಲ. ಕಾರ್ತಿಕ ಕಳೆದು ಎಲ್ಲರೂ ಬಿಟ್ಟದ್ದನ್ನು ಹಿಡಿದರು, ಅತ್ತೆ ಹಿಡಿಯಲಿಲ್ಲ. ಸಂಕ್ರಾಂತಿಗೆ ಕರಿದದ್ದು ಬಿಟ್ಟಳು. ಯುಗಾದಿಯ ಹೊತ್ತಿಗೆ ಅನ್ನ ಹೋಗಿ ಮೆತ್ತಗೆ ಕಿವುಚಿದ ಅನ್ನವಾಯಿತು, ಬೇಸಿಗೆಯಲ್ಲಿ ಅದು ಗಂಜಿಯಾಯಿತು. ಒಂದೊಂದು ಬಿಡುವಾಗಲೂ ಅವ್ವ ಬೆರಗಾಗಿ ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ಅದನ್ನು ಮಠದಲ್ಲಿ ನಾಲ್ಕು ಜನರಿಗೆ ಹೇಳುತ್ತಿದ್ದ, ನಮ್ಮ ಅಕ್ಕನಿಗೆ ವೈರಾಗ್ಯ ಬಂದಿದೆ ಎಂದು. ಪುರಾಣ ಹೇಳುವ ಆಚಾರ್ಯರು ಒಂದು ಸಂಜೆ ಜಿಹ್ವೆಯನ್ನು ಗೆಲ್ಲುವುದು ಎಷ್ಟು ಕಷ್ಟ ಎಂದು ವಿವರಿಸುತ್ತ, ದೂರ ಯಾಕೆ ಹೋಗಬೇಕು, ನಮ್ಮ ಪದ್ದಕ್ಕನನ್ನೇ ನೋಡಿರಿ ಎಂದರು. ಕಂಬದ ಹಿಂದೆ ಕೂತಿದ್ದ ಅತ್ತೆ ಸೆರಗು ಎಳೆದುಕೊಂಡಳು. ಅಂದಿನಿಂದ ಓಣಿಯ ಹೆಂಗಸರು ಏಕಾದಶಿಯ ದಿನ ನಮ್ಮ ಮನೆಗೆ ಬಂದು ಅವಳ ಕಾಲಿಗೆ ನಮಸ್ಕಾರ ಮಾಡತೊಡಗಿದರು. ಅವಳು ತೆಳ್ಳಗಾದಷ್ಟೂ ಅವರ ಭಕ್ತಿ ಹೆಚ್ಚಾಯಿತು. ಅವಳ ಮುಖದಲ್ಲಿ ಒಂದು ತೇಜಸ್ಸು ಬಂದಿದೆ ಎಂದು ಅವ್ವ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ತೇಜಸ್ಸಲ್ಲ ಅದು. ಗಲ್ಲದ ಮಾಂಸ ಇಳಿದು ಎಲುಬು ಕಾಣುತ್ತಿತ್ತು.

ನನಗೆ ಗೊತ್ತಾದದ್ದು ಶಾಲೆಗೆ ಸೂಟಿ ಇದ್ದ ಒಂದು ಮಧ್ಯಾಹ್ನ. ಹಿತ್ತಲಿನಲ್ಲಿ ಪೇರಲಕಾಯಿ ಹುಡುಕುತ್ತಿದ್ದವಳಿಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅತ್ತೆ ಗೋಡೆ ಹಿಡಿದು ಬಗ್ಗಿದ್ದು ಕಂಡಿತು. ವಾಂತಿಯ ಸದ್ದಿರಲಿಲ್ಲ, ಸಂಕಟದ ಸದ್ದಿರಲಿಲ್ಲ. ಆಗತಾನೆ ನುಂಗಿದ ಗಂಜಿಯ ಅಗುಳು ನುಂಗಿದ ಹಾಗೆಯೇ ಬಾಯಿಂದ ಹೊರಗೆ ಬಂದು ಬೀಳುತ್ತಿತ್ತು. ಅವಳು ಸಾವಕಾಶ ಬಾಯಿ ತೊಳೆದು, ಬೂದಿ ತಂದು ಅದರ ಮೇಲೆ ಹಾಕಿ, ತಿರುಗಿ ನನ್ನನ್ನು ನೋಡಿದಳು. ಇದು ಮೊದಲ ಸಲವಲ್ಲ ಎನ್ನುವುದು ಆ ಬೂದಿ ಹಾಕಿದ ರೀತಿಯಲ್ಲೇ ನನಗೆ ತಿಳಿಯಿತು. ಅಪ್ಪನಿಗೆ ಹೇಳುತ್ತೇನೆಂದು ಓಡಲು ಹೊರಟವಳ ರಟ್ಟೆ ಹಿಡಿದು ತುಳಸಿಕಟ್ಟೆಯ ಮುಂದೆ ಕರೆದೊಯ್ದಳು.

"ಯಾರ ಮುಂದೂ ಹೇಳಬ್ಯಾಡ ಸುಮಿ, ಆಣಿ ಮಾಡು," ಎಂದಳು. ನಾನು ರಟ್ಟೆ ಬಿಡಿಸಿಕೊಳ್ಳಲು ನೋಡಿದೆ. ಆಗ ಅವಳು ಕಟ್ಟೆಯ ಮೇಲೆ ಕೂತು, ದೊಡ್ಡವರಿಗೆ ಹೇಳುವ ಹಾಗೆ ನನಗೆ ಹೇಳಿದಳು: "ಮೂವತ್ತು ವರ್ಷಾತು ಈ ಒಲಿ ಮುಂದ ಕೂತು. ಒಬ್ಬರರೆ ತಿರಗಿ ನೋಡಿದ್ರೇನು? ಈಗ ಮಂದಿ ಬಂದು ಕಾಲಿಗೆ ಬೀಳ್ತಾರ. ಇದು ಬ್ಯಾನಿ ಅಂತ ಗೊತ್ತಾದ್ರ ಮತ್ತ ನಾ ಬರೇ ಅಡಗಿ ಮಾಡಾಕಿ ಆಗ್ತೇನಿ."

ನಾನು ಆಣೆ ಮಾಡಿದೆ. ಅಂದಿನಿಂದ ನನಗೆ ಒಂದು ದೊಡ್ಡಸ್ತಿಕೆ ಬಂತು, ಸುಳ್ಳು ಹೇಳುವುದಿಲ್ಲ. ಅಕ್ಕಂದಿರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಅತ್ತೆ ಹಿತ್ತಲಿಗೆ ಹೋದಾಗ ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ, ಯಾರಾದರೂ ಬಂದರೆ ಕೆಮ್ಮುತ್ತಿದ್ದೆ. ಅವಳ ಸಂಕಟ ನನಗೊಂದು ಆಟದ ಹಾಗಿತ್ತು. ಹತ್ತು ವರ್ಷದ ಹುಡುಗಿ, ಏನು ತಿಳಿಯುತ್ತದೆ ಎಂದು ನೀವು ಹೇಳಬಹುದು. ನಾನೂ ನನಗೆ ಹಾಗೆಯೇ ಹೇಳಿಕೊಂಡಿದ್ದೇನೆ, ಅದರಿಂದ ಏನೂ ಪ್ರಯೋಜನವಾಗಿಲ್ಲ.

ಹಿತ್ತಲಿನ ಗೋಡೆಯ ಆಚೆ ಕಾಳಿನ ವ್ಯಾಪಾರದ ಲಿಂಗಾಯತರ ಮನೆ. ಆ ಮನೆಯ ನೀಲವ್ವ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುವಾಗ ನಮ್ಮಿಬ್ಬರನ್ನೂ ನೋಡುತ್ತಿದ್ದಳೆಂದು ನಮಗೆ ಗೊತ್ತಿರಲಿಲ್ಲ. ಶ್ರಾವಣದ ಒಂದು ಭಾನುವಾರ ಅವಳು ನೇರವಾಗಿ ನಮ್ಮ ಪಡಸಾಲೆಗೆ ಬಂದು, ಒಳಮನೆಯ ಹೊಸ್ತಿಲ ಈಚೆಯೇ ನಿಂತು, ಅಪ್ಪನನ್ನು ಮಾತನಾಡಿಸಿದಳು. "ರಾಯರ, ತಪ್ಪು ತಿಳ್ಕೋಬ್ಯಾಡ್ರಿ. ಪದ್ದಕ್ಕಾರು ಅನ್ನ ಬಿಟ್ಟಿಲ್ರಿ, ಅವರಿಗೆ ನುಂಗಾಕ ಆಗವಲ್ದು. ನಮ್ಮ ಮಾವಾರಿಗೂ ಹಿಂಗ ಆಗಿತ್ತು." ಅಪ್ಪ ಒರಟನಲ್ಲ. ಮುಗುಳ್ನಕ್ಕು, ನಮ್ಮ ವ್ರತ ನೇಮಗಳು ಹೊರಗಿನವರಿಗೆ ಹಾಗೆ ಕಾಣುವುದು ಸಹಜ ಎಂದ. ಆ ನಗುವಿನಲ್ಲಿದ್ದ ಸೊಕ್ಕು ಅವನಿಗೂ ಗೊತ್ತಿರಲಿಲ್ಲ. ನೀಲವ್ವ ಹೋಗಲಿಲ್ಲ. ನನ್ನ ಕಡೆಗೆ ಕೈ ತೋರಿಸಿ, "ಈ ಕೂಸಿಗೆ ಎಲ್ಲಾ ಗೊತ್ತೈತಿ, ಕೇಳ್ರಿ," ಎಂದಳು.

ಅಪ್ಪ ನನ್ನ ಕಡೆ ತಿರುಗಿದ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೌಟು ಹಿಡಿದು ನಿಂತಿದ್ದಳು. ಅವಳು ತಲೆ ಅಲ್ಲಾಡಿಸಲಿಲ್ಲ, ಕಣ್ಣು ದೊಡ್ಡದು ಮಾಡಲಿಲ್ಲ, ಸುಮ್ಮನೆ ನೋಡುತ್ತಿದ್ದಳು.

"ಇಲ್ಲಪ್ಪಾ, ನಾ ಏನೂ ನೋಡಿಲ್ಲ," ಎಂದೆ.

ನೀಲವ್ವ ಬರ್ತೇನ್ರಿ ಎಂದು ಹೋದಳು. ಆಮೇಲೆ ಎಷ್ಟೋ ವರ್ಷ ಅವಳು ನನಗೆ ಶೇಂಗಾ ಉಂಡಿ ಕೊಟ್ಟಿದ್ದಾಳೆ, ನನ್ನ ಮದುವೆಗೆ ಬಂದು ಉಡಿ ತುಂಬಿದ್ದಾಳೆ, ಆ ಮಾತನ್ನು ಮಾತ್ರ ಒಂದು ದಿನವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗ ಅತ್ತೆ ನೀರು ಸೇದುತ್ತ ಬಾವಿಯ ಕಟ್ಟೆಯ ಮೇಲೆ ಕುಸಿದಳು. ಎತ್ತಿದ ಅಪ್ಪನಿಗೆ ಅವಳ ಭಾರ ತಿಳಿದದ್ದು ಆಗಲೇ; ಎರಡು ಕೈಯಲ್ಲಿ ಎತ್ತಲು ಹೋದವನು ಒಂದೇ ಕೈಯಲ್ಲಿ ಎತ್ತಿ, ಹಾಗೇ ನಿಂತುಬಿಟ್ಟಿದ್ದ. ಮರುದಿನ ಯಲವಿಗಿಯ ಸ್ಟೇಷನ್ನಿನಿಂದ ಹುಬ್ಬಳ್ಳಿಗೆ ಹೊರಟೆವು. ನಾನೂ ಜೊತೆಗಿದ್ದರೆ ಮಾತ್ರ ಬರುವುದಾಗಿ ಅತ್ತೆ ಹಟ ಹಿಡಿದಿದ್ದಳು, ಅದಕ್ಕೆ ನನ್ನನ್ನೂ ಕರೆದೊಯ್ದರು. ದವಾಖಾನೆಯಲ್ಲಿ ಗಂಟಲಿನೊಳಗೆ ನಳಿಗೆ ಇಳಿಸಿ ನೋಡಿದರು. ಡಾಕ್ಟರು ವಯಸ್ಸಾದವರು, ಅಪ್ಪನಿಗೆ ಕಾಗದದ ಮೇಲೆ ಗೆರೆ ಎಳೆದು ತಿಳಿಸಿದರು. ಹೊಟ್ಟೆಯ ಹುಳಿ ವರ್ಷಗಟ್ಟಲೆ ಮೇಲೆ ಬಂದು ನಾಳವನ್ನು ಸುಟ್ಟಿದೆ. ಗಾಯ ಮಾಯ್ದು, ಮತ್ತೆ ಸುಟ್ಟು, ಗಟ್ಟಿಯಾಗಿ, ದಾರಿ ಸಣ್ಣದಾಗಿದೆ. ಬರೀ ಅಷ್ಟೇ ಇದ್ದಾಗ ಬಂದಿದ್ದರೆ ಅದನ್ನು ಹಿಗ್ಗಿಸಿ, ಗುಳಿಗೆ ಕೊಟ್ಟು, ಊಟ ಮಾಡುವ ಹಾಗೆ ಮಾಡಬಹುದಿತ್ತು. ಈಗ ಆ ಜಾಗದಲ್ಲಿ ಗಡ್ಡೆ ಬೆಳೆದಿದೆ, ಕೆಳಗೂ ಹಬ್ಬಿದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವರು ಅತ್ತೆಯನ್ನು ಕೇಳಿದರು. ಅತ್ತೆ ಸೆರಗು ಸರಿ ಮಾಡಿಕೊಂಡು, "ನಂದು ವ್ರತ ಇತ್ತರೀ," ಎಂದಳು. ಅಪ್ಪ ಎದ್ದು ಹೊರಗೆ ಹೋದ. ಕಾಲೇಜಿನಲ್ಲಿ ಶಾಸ್ತ್ರ ಹೇಳುವ ನನ್ನ ಅಪ್ಪ ದವಾಖಾನೆಯ ನಳದ ಹತ್ತಿರ ನಿಂತು ಚಿಕ್ಕ ಹುಡುಗನ ಹಾಗೆ ಅಳುವುದನ್ನು ನಾನು ಕಿಟಕಿಯಿಂದ ನೋಡಿದೆ.

ಬರುವಾಗ ರೈಲಿನಲ್ಲಿ ಅಪ್ಪ ಬಾಗಿಲ ಹತ್ತಿರ ನಿಂತಿದ್ದ. ಅತ್ತೆ ಕಿಟಕಿಯ ಪಕ್ಕ ಕೂತು ಹೊರಗಿನ ಹೊಲಗಳನ್ನು ನೋಡುತ್ತಿದ್ದವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅವಳ ಬೆರಳು ಆಗ ಬರೀ ಕಡ್ಡಿ. "ನೀ ಒಬ್ಬಾಕಿನ ಮಾತು ಉಳಿಸಿಕೊಂಡಿ ನೋಡು," ಎಂದಳು. "ನಿನ್ನಂಥಾಕಿ ಆ ಮನ್ಯಾಗ ಯಾರಿಲ್ಲ." ಆ ಮಾತು ಕೇಳಿ ನನಗೆ ಹಿಗ್ಗಾಯಿತು. ಯಲವಿಗಿ ಬರುವವರೆಗೂ ಆ ಹಿಗ್ಗು ಇಳಿಯಲಿಲ್ಲ. ಅತ್ತೆಗೆ ಏನಾಗಿದೆ ಎಂದು ಕೇಳಿಸಿಕೊಂಡೇ ಬಂದಿದ್ದೆ, ಆದರೂ ಹಿಗ್ಗಿದೆ. ನಾನು ಬರೆಯಲು ಕೂತಿರುವುದೇ ಇದೊಂದನ್ನು ಬರೆಯಬೇಕೆಂದು.

ಜ್ಯೇಷ್ಠ ಮುಗಿಯುವುದರೊಳಗೆ ಅವಳು ಹೋದಳು. ಊರಿನವರು ಪುಣ್ಯವಂತೆ ಎಂದರು, ನಿರಾಹಾರವಾಗಿ ದೇಹ ಬಿಟ್ಟಳು ಎಂದರು. ನೀಲವ್ವ ಒಬ್ಬಳು ಗೋಡೆಯ ಆಚೆ ಜೋರಾಗಿ ಅತ್ತಳು. ಆ ಮನೆ ಈಗಿಲ್ಲ. ಅಜ್ಜ ಹೋದ ಮೇಲೆ ಪಾಲಾಗಿ, ಮಾರಿ, ಅಲ್ಲೀಗ ಎರಡು ಅಂತಸ್ತಿನ ಬೇರೆಯವರ ಕಟ್ಟಡವಿದೆ. ಒಲೆ ಇದ್ದ ಜಾಗ ಯಾವುದೆಂದು ರಸ್ತೆಯಿಂದ ಲೆಕ್ಕ ಹಾಕಲು ಒಮ್ಮೆ ನಿಂತೆ, ಆಗಲಿಲ್ಲ. ಅಪ್ಪ ಕೊನೆಯ ಆರು ವರ್ಷ ಶಿಗ್ಗಾಂವದಲ್ಲಿ ನನ್ನ ಹತ್ತಿರವೇ ಇದ್ದ. ಮಾತನಾಡಿಸಲು ಯಾರು ಬಂದರೂ ಯಾವುದಾದರೂ ನೆಪದಲ್ಲಿ ಅಕ್ಕನ ವಿಷಯ ತೆಗೆಯುತ್ತಿದ್ದ. ನೀಲವ್ವ ಬಂದು ಹೇಳಿದ್ದನ್ನು ಮಾತ್ರ ಬಿಟ್ಟು, ಒಂದೇ ಮನೆಯಲ್ಲಿದ್ದೂ ನಮಗೆ ಯಾರಿಗೂ ಗೊತ್ತಾಗಲಿಲ್ಲ ಎನ್ನುತ್ತಿದ್ದ. ಆ ಮಾತು ಬರುವ ಸುಳಿವು ಸಿಕ್ಕ ಕೂಡಲೇ ನಾನು ಚಹಾ ಇಡುವ ನೆವ ಮಾಡಿ ಒಳಗೆ ಹೋಗುತ್ತಿದ್ದೆ. ಅವನು ತೀರಿಹೋಗುವ ನಾಲ್ಕು ದಿನ ಮೊದಲು, ಬೆಳಗಿನ ಬಿಸಿಲಿಗೆ ಕುರ್ಚಿ ಹಾಕಿ ಕೂಡಿಸಿ ನಾನು ಅವನ ಉಗುರು ತೆಗೆಯುತ್ತಿದ್ದೆ. ಬೇರೆ ಯಾರೂ ಇರಲಿಲ್ಲ.

"ಅಕ್ಕಗ ನುಂಗಲಿಕ್ಕ ಆಗ್ತಿದ್ದಿಲ್ಲಂತ ನಮಗ ಯಾರಿಗೂ ಗೊತ್ತಾಗಲಿಲ್ಲಲಾ, ಸುಮಿ," ಎಂದ. ಕಾಲೇಜಿನಲ್ಲಿ ಹುಡುಗರನ್ನು ಕೇಳುವ ಹಾಗೆ ಉತ್ತರಕ್ಕೆ ಕಾದು ನನ್ನ ಮುಖ ನೋಡಿದ. ಅವನ ಕೈ ನನ್ನ ಕೈಯಲ್ಲಿತ್ತು, ತೊಂಬತ್ತರ ಹತ್ತಿರದ ಕೈ.

"ಹೌದಪ್ಪಾ," ಎಂದೆ, "ಯಾರಿಗೂ ಗೊತ್ತಾಗಲಿಲ್ಲ."