ರೇವವ್ವನ ಎಮ್ಮೆಗಳ ಹಿಂದೆ ಹೋದ ಹಕ್ಕಿಗಳು

ಅಣ್ಣಿಗೇರಿ ಬಾಜು ನಮ್ಮೂರ ಕೆರೆ ಪಕ್ಷಿಧಾಮವಾದದ್ದು ಎಪ್ಪತ್ತೈದರಲ್ಲಿ. ಕಾವಲಿಗೆ ದಿನಗೂಲಿಯ ಮೇಲೆ ನನ್ನನ್ನು ಇಟ್ಟುಕೊಂಡರು. ಒಂದು ಸೀಟಿ, ಕಿವಿಯವರೆಗೂ ಇಳಿಯುವ ಖಾಕಿ ಟೊಪ್ಪಿಗೆ ಕೊಟ್ಟರು. ಟೊಪ್ಪಿಗೆ ದೊಡ್ಡದಾಗಿದ್ದರೂ ಎರಡೇ ದಿನದಲ್ಲಿ ತಲೆ ಅದಕ್ಕೆ ಸರಿಯಾಗಿ ಊದಿಕೊಂಡಿತು.

ನನ್ನ ಮೊದಲ ಪರಾಕ್ರಮ ರೇವವ್ವನ ಎಮ್ಮೆಗಳನ್ನು ಕೆರೆಯಿಂದ ಓಡಿಸಿದ್ದು. ಮೊಸರು ಮಾರಿ ಇಬ್ಬರು ಹೆಣ್ಣುಮಕ್ಕಳ ಲಗ್ನ ಮಾಡಿದ ಹೆಂಗಸು. ಎಮ್ಮೆಗಳನ್ನು ಬಯ್ಯುತ್ತಲೇ ಮೈ ತಿಕ್ಕುವವಳು. ಸೀಟಿ ಕೇಳಿ, "ರೈಲು ಬಂತೇನೋ, ಪ್ರಭಂಜನ?" ಎಂದು ನಕ್ಕು ಆಚೆ ಹಳ್ಳಕ್ಕೆ ಹೋದಳು.

ಸೌಟಿನಂಥ ಕೊಕ್ಕಿನ ಬಿಳಿ ಹಕ್ಕಿಗಳೂ ಅವಳ ಹಿಂದೆ ಹೋದವು. ಎಲ್ಲೆಡೆ ಕಡಿಮೆಯಾಗುತ್ತಿವೆ, ಜೋಪಾನ ಎಂದು ಅರಣ್ಯ ಇಲಾಖೆ ನನಗೆ ಒಪ್ಪಿಸಿದ್ದು ಅವನ್ನೇ. ಎಮ್ಮೆ ಕಾಲಿಟ್ಟು ಕೆಸರು ಕಲಕಿದಲ್ಲಿ ಮೀನು ಹುಳು ಏಳುತ್ತವಂತೆ. ನನ್ನ ಕಾಲಿಗೆ ಏಳುತ್ತಿದ್ದದ್ದು ಹಕ್ಕಿ ಮಾತ್ರ, ಅದೂ ಹಾರಿಹೋಗಲು. ಬರೀ ಕೆರೆ ಕಾಯುತ್ತ, ಹಳ್ಳದ ಕಡೆ ನೋಡುತ್ತ ಹೊಟ್ಟೆ ಉರಿಸಿಕೊಂಡೆ. ಅವಳೋ ಹಕ್ಕಿಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದೇ ಹೆಚ್ಚು ಉರಿಯುತ್ತಿತ್ತು.

ಅಷ್ಟರಲ್ಲಿ ಧಾರವಾಡದಿಂದ ಹೇಳಿಕೆ ಬಂತು: ಸೋಮವಾರ ಸಾಹೇಬರು ಬರುತ್ತಾರೆ, ಹಕ್ಕಿ ಇರದಿದ್ದರೆ ಕಾವಲುಗಾರನೂ ಬೇಡ.

ಟೊಪ್ಪಿಗೆ ಕಂಕುಳಲ್ಲಿಟ್ಟುಕೊಂಡು ಹಳ್ಳಕ್ಕೆ ಹೋದೆ.

"ರೇವಕ್ಕಾ, ಎಮ್ಮಿ ಕೆರಿಗೆ ತರ್ರಿ."

"ಯಾಕ್ರಿ ಸಾಹೇಬ್ರ? ನಿಮ್ಮ ಹಕ್ಕಿ ನಿಮ್ಮ ಮಾತು ಕೇಳವಲ್ವೇನ್ರಿ?"

"ಇಲ್ರಿ."

"ಹಂಗಾರ ತರ್ತೀನಿ. ಆದ್ರ ಆ ಪೀಪಿ ಊದಬ್ಯಾಡ. ಬೆದರಿದ ಎಮ್ಮಿ ಹಾಲು ಕೊಡಂಗಿಲ್ಲ."

ಸೋಮವಾರ ಎಮ್ಮೆಗಳು ನೀರಿಗಿಳಿದವು, ಬೆನ್ನಹಿಂದೆಯೇ ಹಕ್ಕಿಗಳೂ. ಜೀಪಿನಿಂದಿಳಿದ ಸಾಹೇಬರ ಕಣ್ಣಿಗೆ ಮೊದಲು ಬಿದ್ದದ್ದು ಎಮ್ಮೆ.

"ಯಾರು ಬಿಟ್ಟವರು? ಹೊಡೀರಿ ಹೊರಗೆ!"

ಸೀಟಿ ಬಾಯಿಗೆ ಹೋಯಿತು. ರೇವವ್ವ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು.

"ನಾನs ಬಿಡಿಸೀನ್ರಿ," ಎಂದೆ. "ಎಮ್ಮಿ ಹೋದ್ರ ಹಕ್ಕೀನೂ ಹೋಗ್ತಾವ್ರಿ."

ಸಾಹೇಬರು ಎಮ್ಮೆಗಳ ಹಿಂದಿದ್ದ ಹಕ್ಕಿಗಳನ್ನು ನೋಡಿದರು. ಆಮೇಲೆ ಕ್ಯಾಮೆರಾ ತೆಗೆದರು. "ಅವ್ವಾ, ಹಂಗೇ ನಿಂತಿರು," ಎಂದು ಅವಳಿಗೆ ಹೇಳಿ, ನನಗೆ, "ನೀನು ಸ್ವಲ್ಪ ಸರಿಯಪ್ಪ, ಹಕ್ಕಿ ಬೆದರ್ತಾವ," ಎಂದರು.

ಕೆಲಸ ಉಳಿಯಿತು. ಆ ಫೋಟೋ ಈಗ ಪಕ್ಷಿಧಾಮದ ಕೋಣೆಯ ಗೋಡೆಯ ಮೇಲಿದೆ: ನಡುವೆ ರೇವವ್ವ, ಸುತ್ತ ಹಕ್ಕಿಗಳು, ನಾನು ನಿಂತಿದ್ದ ಜಾಗದಲ್ಲಿ ಎಮ್ಮೆಯ ಬಾಲ. ದಿನಾ ಅದರ ಧೂಳು ಒರೆಸುವವನು ನಾನೇ.